ಇಲ್ಲ ಅನ್ನುವ ಕಾಕಾ

ಇಡೀ ಬೀದರ ಜಿಲ್ಲೆಯಲ್ಲಿ "ಇಲ್ಲ" ಎಂಬ ಮಾತನ್ನು ನಮ್ಮ ಕಾಕಾನಷ್ಟು ಜೋರಾಗಿ, ಅಷ್ಟು ಸಂತೋಷವಾಗಿ, ಅಷ್ಟು ಹೊತ್ತಲ್ಲದ ಹೊತ್ತಿನಲ್ಲಿ ಹೇಳುವ ಮನುಷ್ಯ ಇನ್ನೊಬ್ಬ ಇದ್ದರೆ ತೋರಿಸಿ, ಅವನ ಮನೆಗೆ ನಾನು ಒಂದು ತಿಂಗಳು ನೀರು ಹೊರುತ್ತೇನೆ. ಬರ ಬಿದ್ದ ವರ್ಷಗಳಲ್ಲಿ ನಮ್ಮ ಊರಲ್ಲಿ ನೀರು ಹೊತ್ತವರಿಗೆ ಇದು ಎಂಥ ಪಂದ್ಯ ಎಂದು ಗೊತ್ತಾಗುತ್ತದೆ. ಗೊತ್ತಿಲ್ಲದವರು ನನ್ನ ಸೊಂಟವನ್ನು ಕೇಳಬಹುದು.

ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಭಾತಂಬ್ರಾದಲ್ಲಿ ನಮ್ಮ ಮನೆತನದ ಹುಡುಗಿಯೊಬ್ಬಳ ಲಗ್ನ. ಮುಹೂರ್ತಕ್ಕೆ ಇನ್ನು ಅರ್ಧ ಗಂಟೆ ಇದೆ. ಹೆಣ್ಣಿನ ಕಡೆಯವರೆಂದರೆ ಏನು? ಇಲ್ಲದ್ದನ್ನು ಮುಚ್ಚಿಕೊಂಡು ಓಡಾಡುವ ಜನ. ಬ್ಯಾಂಡ್ ಬಂದಿಲ್ಲವೆಂದು ನಮ್ಮ ಅಣ್ಣ ಬೆವರುತ್ತಿದ್ದ. ಬೀಗರು ಕೇಳಿದರೆ "ಬಂತ್ರಿ, ತಿರುವಿನ್ಯಾಗ ಅದ" ಎನ್ನುತ್ತಿದ್ದ. ಕಾಕಾ ಸೀದಾ ಹೋಗಿ ಮೈಕ್ ಹಿಡಿದರು.

"ಎಲ್ಲಾರೂ ಜರಾ ಕೇಳ್ರಿ. ಬ್ಯಾಂಡ್ ಇಲ್ಲರಿ. ಅದರ ಸಲುವಾಗಿ ಲಗ್ನ ನಿಲ್ಲಾಂಗಿಲ್ಲ. ಎರಡನೇ ಪಂಗತಿಗಿ ಬುಂದಿ ಇಲ್ಲ, ಸಜ್ಜಕ ಅದ. ಅಕ್ಷತಾ ಇನ್ನೂ ಬಂದಿಲ್ಲ, ಅದು ಬೇಕೇ ಬೇಕು, ಅದು ಬರೋತನಕ ಯಾರೂ ಏಳಬ್ಯಾಡ್ರಿ. ವರನ ಅತ್ತಿ ಬಂದಿಲ್ಲ. ಅವರಿಲ್ಲದಿದ್ರೂ ನಡೀತದ."

ವರನ ಸೋದರತ್ತೆ ಅದೇ ಗಳಿಗೆಯಲ್ಲಿ ಜೀಪಿನಿಂದ ಇಳಿಯುತ್ತಿದ್ದರು! ಆಮೇಲೆ ಅವರನ್ನು ಸಮಾಧಾನ ಮಾಡಲು ಎರಡು ಪತ್ತಲದ ಸೀರೆ ಹೋದವು. ಲಗ್ನದ ವಿಡಿಯೋದಲ್ಲಿ ಮಾಂಗಲ್ಯಧಾರಣೆಗಿಂತ ಕಾಕಾನ ಈ ಭಾಷಣವೇ ಸ್ಪಷ್ಟವಾಗಿ ಬಂದಿದೆ. ಈ ವಿಡಿಯೋದ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ. ನನ್ನ ಮಾನ ಹೋದದ್ದು ಅದರಿಂದಲೇ.

ಇವರು ಹುಟ್ಟಾ ಹೀಗಿದ್ದವರಲ್ಲ. ಕಾಕಾ ನಮ್ಮ ಅಪ್ಪನ ತಮ್ಮ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಓದಿ, ಬೀದರಿನಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರರಾಗಿ, ನಿವೃತ್ತರಾದವರು. ನಿವೃತ್ತರಾದವರು ಸುಮ್ಮನೆ ಕೋಟೆಯ ಕಡೆಗೆ ವಾಕಿಂಗ್ ಹೋಗಬೇಕಪ್ಪ! ಇವರು ಹೋಗಲಿಲ್ಲ. ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಮಾಂಜ್ರಾ ನದಿಯಲ್ಲಿ ದನ ಮಲಗುತ್ತಿದ್ದವು. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಜನ ದಸರಾ ಮುಗಿದ ಕೂಡಲೇ ಲಾರಿ ಹತ್ತಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿದ್ದರು. ಮಕ್ಕಳೂ ಅದೇ ಲಾರಿಯಲ್ಲಿ. ಐದು ತಿಂಗಳು ಆ ಮಕ್ಕಳಿಗೆ ಶಾಲೆಯಿಲ್ಲ, ತಿರುಗಿ ಬಂದರೆ ಪಾಠ ಹಿಂದೆ, ಮುಂದಿನ ವರ್ಷ ಶಾಲೆಯೇ ಬೇಡ. ಇದಕ್ಕೆ ಒಂದು ಸಂಸ್ಥೆಯವರು ಉಪಾಯ ಮಾಡಿದರು. ಹೊರಟ ಮಗುವಿನ ಕೈಗೆ ಒಂದು ಚೀಟಿ ಕೊಡುವುದು. ಮೇಲಿನ ಅರ್ಧ ಕನ್ನಡದಲ್ಲಿ, ಕೆಳಗಿನ ಅರ್ಧ ಮರಾಠಿಯಲ್ಲಿ: ಈ ಮಗು ಇಂಥವಳು, ಇಷ್ಟನೇ ಇಯತ್ತೆ, ಹಂಗಾಮು ಮುಗಿಯುವ ತನಕ ನಿಮ್ಮಲ್ಲಿ ಕೂಡಿಸಿಕೊಳ್ಳಿರಿ. ಅಲ್ಲಿನ ಶಾಲೆಯವರು ಅದನ್ನು ನೋಡಿ ಕೂಡಿಸಿಕೊಳ್ಳಬೇಕು.

ಈ ಚೀಟಿ ತೆಗೆಯುವ ಪ್ರೋಗ್ರಾಂ ಬರೆದವರು ನಮ್ಮ ಕಾಕಾ. ಅದನ್ನು ಪೆನ್‌ಡ್ರೈವಿನಲ್ಲಿ ಹೊತ್ತು ಊರೂರಿಗೆ ಹೋಗಿ ಕಂಪ್ಯೂಟರಿಗೆ ಹಾಕಿ ಬರುವ ಕತ್ತೆ ನಾನು. ನನಗೆ ಆಗ ಬೇರೆ ಕೆಲಸವಿರಲಿಲ್ಲ ಎಂದಲ್ಲ. ಬೀದರಿನ ಒಂದು ಆಫೀಸಿನಲ್ಲಿ ಡಾಟಾ ಎಂಟ್ರಿ ಮಾಡುತ್ತಿದ್ದೆ, ಮನೆಯಲ್ಲಿ ನೀರು ತುಂಬುತ್ತಿದ್ದೆ, ಉಳಿದ ರವಿವಾರವೊಂದನ್ನು ಕಾಕಾ ತೆಗೆದುಕೊಂಡರು.

ಈಗ ಸ್ವಲ್ಪ ತಾಂತ್ರಿಕ ವಿಷಯ. ಹೆದರಬೇಡಿ, ನನಗೆ ತಿಳಿದದ್ದು ನಿಮಗೂ ತಿಳಿಯುತ್ತದೆ. ಶಾಲೆಗಳಿಗೆ ಸಿಕ್ಕಿದ್ದವು ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರುಗಳು. ಒಂದರಂತೆ ಇನ್ನೊಂದಿಲ್ಲ. ಸಿದ್ಧ ಮಾಡಿದ ಪ್ರೋಗ್ರಾಂ ಅವುಗಳಿಗೆ ಹೊಂದುವುದಿಲ್ಲ. ಹಾಗಾಗಿ ಸಾಮಾನು ಒಯ್ದು ಅಲ್ಲಿಯೇ ಅಡುಗೆ ಮಾಡಬೇಕು. ಯಾವುದಾದ ಮೇಲೆ ಯಾವುದನ್ನು ಹಾಕಿ ಕುದಿಸಬೇಕು ಎಂದು ಕಂಪ್ಯೂಟರಿಗೆ ಬರೆದುಕೊಡುವ ಕ್ರಮಕ್ಕೆ ಬಿಲ್ಡ್ ಸ್ಕ್ರಿಪ್ಟ್ ಎನ್ನುತ್ತಾರೆ. ಅಡುಗೆಗೆ ಮೊದಲೇ ಮನೆಯಲ್ಲಿ ಇರಬೇಕಾದ ಸಾಮಾನಿಗೆ, ಅಂದರೆ ಅಕ್ಷರಗಳ ಫಾಂಟು, ಪ್ರಿಂಟರಿನೊಡನೆ ಮಾತಾಡುವ ಲೈಬ್ರರಿ ಇಂಥವಕ್ಕೆ, ಡಿಪೆಂಡೆನ್ಸಿ ಎನ್ನುತ್ತಾರೆ. ಅದು ಇಲ್ಲದಿದ್ದರೆ ಏನು ಮಾಡಬೇಕು? ಈ ಒಂದು ಪ್ರಶ್ನೆಯ ಮೇಲೆ ನಮ್ಮ ಕಾಕಾ ಎರಡು ವರ್ಷ ಕಳೆದರು. ನಾನು ಎರಡು ಜೊತೆ ಚಪ್ಪಲಿ ಕಳೆದೆ.

ಅವರು ಬರೆದ ಮೊದಲ ಸ್ಕ್ರಿಪ್ಟು ಕಡು ಸಿಟ್ಟಿನದು. ಏನಾದರೊಂದು ಇಲ್ಲವೆಂದರೆ ಅಲ್ಲೇ ಅಡ್ಡಬಿದ್ದು ಬಿಡುತ್ತಿತ್ತು. ಭಾಲ್ಕಿಯ ಶಾಲೆಯಲ್ಲಿ ಅದನ್ನು ಮೊದಲ ಸಲ ಓಡಿಸಿದೆ. ಸ್ವಲ್ಪ ಹೊತ್ತು ಗುರ್ ಎಂದು, ಯಾವುದೋ ಲೈಬ್ರರಿ ಇಲ್ಲವೆಂದು ಇಂಗ್ಲಿಷಿನಲ್ಲಿ ಬೈದು ನಿಂತುಬಿಟ್ಟಿತು. ಬಸ್ಸು ಹಿಡಿದು ಬೀದರಿಗೆ ಬಂದೆ. ಕಾಕಾ ಆ ಲೈಬ್ರರಿ ಹಾಕಿಕೊಟ್ಟರು. ಮುಂದಿನ ರವಿವಾರ ಮತ್ತೆ ಭಾಲ್ಕಿ. ಈ ಸಲ ಲೈಬ್ರರಿಗೆ ಬೇಕಾದ ಲೈಬ್ರರಿ ಇಲ್ಲವಂತೆ! ಮತ್ತೆ ಬೀದರ, ಮತ್ತೆ ಭಾಲ್ಕಿ. ಮೂರನೆಯ ಸಲ ಕಂಡಕ್ಟರು ನನಗೆ ಅಲ್ಲಿ ನೌಕರಿಯಾಯಿತೇನು ಎಂದು ವಿಚಾರಿಸಿದ. ಕೊನೆಗೆ ಆ ಲೈಬ್ರರಿ ಯಾತಕ್ಕೆ ಬೇಕು ಎಂದು ಕಾಕಾಗೆ ಕೇಳಿದೆ. ಚೀಟಿ ಪ್ರಿಂಟಾದ ಮೇಲೆ "ಟಿಣ್" ಎಂದು ಗಂಟೆ ಬಾರಿಸಲಿಕ್ಕಂತೆ.

ಆ ಕಂಪ್ಯೂಟರಿಗೆ ಸ್ಪೀಕರೇ ಇರಲಿಲ್ಲ. ಇದನ್ನು ನಾನು ಹೇಳಿದಾಗ ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಬೈಯುವಷ್ಟು ಶಕ್ತಿ ಉಳಿದಿರಲಿಲ್ಲ.

ಅದೇ ವಾರ ಅವರಿಗೆ ಜ್ಞಾನೋದಯವಾಯಿತು. ಆದದ್ದು ಅಡುಗೆಮನೆಯಲ್ಲಿ. ಅವರ ಹೆಂಡತಿ, ನಮ್ಮ ಕಾಕು, ಬಡಿಸುವುದರಲ್ಲಿ ಹೆಸರಾದವಳು. ನಮ್ಮ ಕಡೆಯ ಹಳೆಯ ಮನೆಗಳ ಪದ್ಧತಿ ನಿಮಗೆ ಗೊತ್ತಿರಬೇಕು: ಮನೆಯೊಳಗೆ ಇಲ್ಲ ಎನ್ನಬಾರದು. ಅಕ್ಕಿ ತೀರಿದರೆ ತೀರಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು. ಹೊರಟವರು ಹೋಗ್ತೇನಿ ಎನ್ನಬಾರದು, ಬರ್ತೇನಿ ಎನ್ನಬೇಕು. ಕಾಕು ಇದನ್ನು ವ್ರತದಂತೆ ನಡೆಸಿದವಳು. ಆ ದಿನ ಜನವಾಡದಿಂದ ನಾಲ್ಕು ಮಂದಿ ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದರು. ತೊಗರಿಬೇಳೆ ಇಲ್ಲ, ತರಕಾರಿ ಇಲ್ಲ, ಜೋಳದ ಹಿಟ್ಟು ಡಬ್ಬಿಯ ತಳದಲ್ಲಿದೆ. ಕಾಕು ತುಟಿ ಪಿಟಕ್ಕೆನ್ನಲಿಲ್ಲ. ಹಿಟ್ಟಿಗೆ ಹಿಟ್ಟು ಕೂಡಿಸಿ ರೊಟ್ಟಿ ಬಡಿದಳು, ಕಡಲೆಹಿಟ್ಟಿನ ಝುಣಕ ತಿರುವಿದಳು, ಹಿಂಡಿ ಪುಡಿಗೆ ಎಣ್ಣೆ ಹಾಕಿದಳು. ಬಂದವರು ತೇಗಿ ಎದ್ದರು. ಏನು ಇತ್ತು ಏನು ಇರಲಿಲ್ಲ ಯಾರಿಗೂ ತಿಳಿಯಲಿಲ್ಲ.

ಕಾಕಾ ಕೈ ತೊಳೆಯುವುದನ್ನೂ ಮರೆತು ಎದ್ದುಬಂದರು. "ಪ್ರೋಗ್ರಾಂ ಅಂದ್ರ ಹಿಂಗ ನಡೀಬೇಕು ನೋಡವಾ. ಇದ್ದದ್ದರಾಗ ಸಂಸಾರ. ಇಲ್ಲದ್ದರ ಸುದ್ದೀನೇ ಎತ್ತಬಾರ್ದು."

ಎರಡನೆಯ ಸ್ಕ್ರಿಪ್ಟು ಹುಟ್ಟಿದ್ದು ಹೀಗೆ. ಆಹಾ, ಏನು ಸೌಜನ್ಯ ಅದರದು! ಏನು ಇಲ್ಲದಿದ್ದರೂ ಸದ್ದಿಲ್ಲದೆ ದಾಟಿಕೊಂಡು ಹೋಗುತ್ತಿತ್ತು. ಒಂದೂ ಬೈಗುಳವಿಲ್ಲ. ಕೊನೆಗೆ ಪರದೆಯ ಮೇಲೆ ಒಂದೇ ಸಾಲು ಬರುತ್ತಿತ್ತು: "ಎಲ್ಲಾ ಛಲೋ ಆತ್ರಿ. ಉಂಡು ಹೋಗ್ರಿ." ಭಾಲ್ಕಿಯಲ್ಲಿ ಒಂದೇ ಸಲಕ್ಕೆ ಆಯಿತು. ಔರಾದಿನಲ್ಲಿ ಒಂದೇ ಸಲಕ್ಕೆ ಆಯಿತು. ನಾನು ಎಷ್ಟೋ ತಿಂಗಳ ಮೇಲೆ ಒಂದು ರವಿವಾರ ಮಧ್ಯಾಹ್ನ ಮಲಗಿದೆ. ಔರಾದಿನ ಶಾಲೆಯ ಕ್ಲಾರ್ಕ್ ಸಾಹೇಬರಂತೂ, ಮೂವತ್ತು ವರ್ಷದ ಸರ್ವಿಸಿನಲ್ಲಿ ತಮ್ಮನ್ನು ಊಟಕ್ಕೆ ಕರೆದ ಮೊದಲ ಸರಕಾರಿ ವಸ್ತು ಇದು ಎಂದು ಎಲ್ಲರಿಗೂ ಹೇಳಿಕೊಂಡು ಬಂದರು.

ಈ ಕ್ಲಾರ್ಕ್ ಸಾಹೇಬರು ಒಳ್ಳೆಯವರು. ತೊಂದರೆ ಏನೆಂದರೆ ತೀರ ಒಳ್ಳೆಯವರು. ಒಮ್ಮೆ ಪ್ರಿಂಟರು ಕೆಟ್ಟು ಅದನ್ನು ರಿಪೇರಿಗೆ ಕೊಟ್ಟಿದ್ದರಂತೆ. ಆದರೂ ಚೀಟಿ ತೆಗೆಯುವ ಗುಂಡಿ ಒತ್ತಿದರು. ಎಲ್ಲಾ ಛಲೋ ಆತ್ರಿ ಎಂದು ಬಂತು. ಕಾಗದವೇ ಬರದಿದ್ದರೂ, ಛಲೋ ಆಗಿದೆ ಎನ್ನುತ್ತಿದೆಯಲ್ಲ, ಆಗಿರಬೇಕು ಎಂದು ಸಂಜೆಯ ತನಕ ಕಾಯ್ದರು. ಇದನ್ನು ಕೇಳಿ ನಾನು, ಕಾಕಾ, ಕಾಕು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ನಗಬಾರದಿತ್ತು. ಎಚ್ಚರಾಗಬೇಕಿತ್ತು.

ದಸರಾ ಮುಗಿದು ಔರಾದಿನಿಂದ ಲಾರಿಗಳು ಹೊರಟವು. ಮಕ್ಕಳ ಕೈಯಲ್ಲಿ ನಮ್ಮ ಚೀಟಿ ಇತ್ತು. ಔರಾದಿನ ಶಾಲೆಯ ಕಂಪ್ಯೂಟರಿನಲ್ಲಿ ಮರಾಠಿ ಅಕ್ಷರಗಳ ಫಾಂಟೇ ಇರಲಿಲ್ಲ. ನಮ್ಮ ಸೌಜನ್ಯದ ಸ್ಕ್ರಿಪ್ಟು ಆ ಸುದ್ದಿ ಎತ್ತದೆ ದಾಟಿಕೊಂಡು ಹೋಗಿತ್ತು. ಹಾಗಾಗಿ ಚೀಟಿಯ ಮೇಲಿನ ಅರ್ಧದಲ್ಲಿ ಕನ್ನಡ ಮುತ್ತಿನ ಹಾಗೆ, ಕೆಳಗಿನ ಅರ್ಧದಲ್ಲಿ ಸಾಲು ಸಾಲು ಖಾಲಿ ಚೌಕಗಳು. ಅಕ್ಷರ ಸಿಗದಿದ್ದರೆ ಕಂಪ್ಯೂಟರು ಹಾಗೆ ಚೌಕ ಹೊಡೆಯುತ್ತದೆ. ಯಾರೂ ನೋಡಲಿಲ್ಲವೇ? ನೋಡಿದರು. ಕ್ಲಾರ್ಕ್ ಸಾಹೇಬರು ಒಂದೊಂದನ್ನೂ ನೋಡಿಯೇ ಶಿಕ್ಕಾ ಹೊಡೆದರು. ಅವು ಅಲ್ಲಿನ ಶಾಲೆಯವರು ತುಂಬಿಕೊಳ್ಳಲಿ ಎಂದು ಬಿಟ್ಟ ಖಾನೆಗಳು ಎಂದು ಅವರು ತಿಳಿದಿದ್ದರು. ಎಂಥ ಅಚ್ಚುಕಟ್ಟು ಎಂದು ಮನಸ್ಸಿನಲ್ಲೇ ಹೊಗಳಿದ್ದರಂತೆ.

ಎಷ್ಟೋ ಮಕ್ಕಳಿಗೆ ತೊಂದರೆಯಾಗಲಿಲ್ಲ. ಕೆಲವು ಶಾಲೆಗಳಲ್ಲಿ ಗಡಿಯ ಮಾಸ್ತರರಿದ್ದರು, ಕನ್ನಡ ಓದಿಕೊಂಡರು. ಕೆಲವರು ಕಾಗದವನ್ನೇ ನೋಡದೆ ಕೂಡಿಸಿಕೊಂಡರು. ಐದನೆಯ ಇಯತ್ತೆಯ ಒಬ್ಬ ಹುಡುಗಿಗೆ ಮಾತ್ರ ಆಗಲಿಲ್ಲ.

ಇದು ನಮಗೆ ತಿಳಿದದ್ದು ಹೋಳಿ ಕಳೆದು ಲಾರಿಗಳು ತಿರುಗಿ ಬಂದ ಮೇಲೆ. ಕಾಕಾ ಮತ್ತು ನಾನು ಯಾವುದೋ ರಿಪೇರಿಗೆಂದು ಔರಾದಿನ ಶಾಲೆಗೆ ಹೋಗಿದ್ದೆವು. ಆ ಹುಡುಗಿ ತಾಯಿಯ ಜೊತೆ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ತಾಯಿ ಜಗಳಕ್ಕೆ ಬಂದವಳಲ್ಲ. ಕಾಗದ ವಾಪಸ್ಸು ಕೊಡಬೇಕೇನೋ ಎಂದು ಕೊಡಲು ಬಂದಿದ್ದಳು. ಮಹಾರಾಷ್ಟ್ರದ ಆ ಶಾಲೆಯ ಹೆಡ್‌ಮಾಸ್ತರರು ಕೆಟ್ಟವರಲ್ಲವಂತೆ. ಕಾಗದ ತುಂಬಿಲ್ಲ, ತುಂಬಿಸಿಕೊಂಡು ಬಾ ಎಂದರಂತೆ. ಇಲ್ಲಿಗೆ ಬಂದು ತುಂಬಿಸಿಕೊಂಡು ಹೋಗಲು ಅವಳೇನು ಬಸ್ಸಿನ ಪಾಸು ಮಾಡಿಸಿದ್ದಳೇ? ಹುಡುಗಿಯೇ ಪೆನ್ಸಿಲ್ ತೆಗೆದುಕೊಂಡು ಖಾನೆಗಳನ್ನು ತುಂಬಿದಳಂತೆ. ಬರೆದದ್ದು ಕನ್ನಡದಲ್ಲಿ. ಅವರಿಗೆ ಓದಲು ಬರಲಿಲ್ಲ. ಐದು ತಿಂಗಳು ತಂಗಿಯನ್ನು ಆಡಿಸಿಕೊಂಡು ಕಬ್ಬಿನ ಫಡದಲ್ಲೇ ಉಳಿದಳು.

ಕಾಕಾ ಚೀಟಿ ಬಿಡಿಸಿ ನೋಡಿದರು. ಬಹಳ ಸಣ್ಣ ಕಾಗದ. ಅದನ್ನು ಅಷ್ಟು ಹೊತ್ತು ಓದಲು ಏನಿತ್ತೋ! ಆಮೇಲೆ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಏನು ಬರೆದಿದ್ದಾಳೆ ಎಂದು ನಾನು ಬಸ್ಸಿನಲ್ಲಿ ಕೇಳಿದ್ದಕ್ಕೆ "ಖಾನಿ ತುಂಬ್ಯಾಳ" ಎಂದಷ್ಟೇ ಹೇಳಿದರು. ಹೆಸರು, ಇಯತ್ತೆ ಬರೆದಿರಬೇಕು ಎಂದುಕೊಂಡೆ. ಮಾಂಜ್ರಾ ಸೇತುವೆ ದಾಟುವ ತನಕ ಅವರ ಕೈ ಆ ಕಿಸೆಯ ಮೇಲೆಯೇ ಇತ್ತು. 

ಮನೆಗೆ ಬಂದವರು ಕಾಕುವಿನ ಮೇಲೆ ಹರಿಹಾಯ್ದರು. ಅವಳ ಅಡುಗೆಮನೆಯ ಬುದ್ಧಿ ಕಲಿತು ತಾನು ಕೆಟ್ಟೆ ಎಂದರು. ಗಂಡಸರಿಗೆ ಇದು ಚೆಂದ ಬರುತ್ತದೆ. ಕಾಕು ಮೊರದಲ್ಲಿ ಜೋಳ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸದೆ ಹೇಳಿದಳು:

"ಬಂದವರಿಗಿ ನಾ ಇಲ್ಲ ಅಂದಿಲ್ಲ, ಖರೇ. ನಿಮಗ ಅಂದಿಲ್ಲೇನು? ಅವರು ಎದ್ದು ಹೋದ ಮ್ಯಾಲ ಕೈಯಾಗ ಚೀಲಾ ಕೊಟ್ಟು ಬ್ಯಾಳಿ ತರ್ರಿ, ಹಿಟ್ಟ ತರ್ರಿ ಅಂತ ಹೇಳಿಲ್ಲೇನು? ಉಣ್ಣವರಿಗಿ ಹೇಳಬಾರ್ದು. ತರೋವರಿಗಿ ಹೇಳದೇ ಹೋದ್ರ ಮನಿ ನಡೀತದೇನ್ರಿ? ಮತ್ತ ಜ್ವಾಳಾನೇ ಇಲ್ಲಂದ್ರ ಬರೇ ಹೆಂಚು ಬಡಸಾಂಗಿಲ್ಲ ನಾ."

ನಾನು ಕಂಪ್ಯೂಟರಿನ ಬಗ್ಗೆ ಎಷ್ಟೋ ಜನರ ಮಾತು ಕೇಳಿದ್ದೇನೆ. ಇದಕ್ಕಿಂತ ಸರಿಯಾದದ್ದನ್ನು ಯಾರೂ ಹೇಳಿಲ್ಲ. ಕಾಕಾ ಒಂದು ವಹಿ ತೆಗೆದುಕೊಂಡು ಪಡಸಾಲೆಯಲ್ಲಿ ಕೂತರು. ಮಧ್ಯೆ ಗೆರೆ ಎಳೆದರು. ಒಂದು ಕಡೆ "ಬೇಕೇ ಬೇಕು", ಇನ್ನೊಂದು ಕಡೆ "ಇದ್ದರ ಛಲೋ". ಅಂದಿನಿಂದ ನಮ್ಮ ಮನೆತನಕ್ಕೆ ಶನಿ ಹಿಡಿಯಿತು.

ಮೊದಲು ಪ್ರೋಗ್ರಾಮಿನ ಸಾಮಾನು ಬರೆದರು. ಆಮೇಲೆ ಮನೆಯ ಸಾಮಾನು. ಆಮೇಲೆ ಮಂದಿ! ಫ್ಯಾನು ಇದ್ದರ ಛಲೋ. ಚಹಾದಲ್ಲಿ ಸಕ್ಕರೆ ಇದ್ದರ ಛಲೋ. ನಮ್ಮ ಅಣ್ಣನ ಮೀಸೆ, ಇದ್ದರ ಛಲೋ. ಯಾರಾದರೂ ಮನೆಗೆ ಬಂದರೆ ಬಾಗಿಲಲ್ಲೇ ನಿಂತು ಇಲ್ಲದ್ದರ ಯಾದಿ ಓದುವುದು: ಕುರ್ಚಿಯ ಒಂದು ಕಾಲು ಗಟ್ಟಿಯಿಲ್ಲ, ಹಾಲಿಲ್ಲ, ಕುಡಿಯುವ ನೀರಿದೆ, ಒಳಗೆ ಬರಬಹುದು. ಟ್ಯಾಂಕರ್ ಬಾರದ ದಿನ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಿ ಇವತ್ತು ಬರುವುದಿಲ್ಲ ಎಂದು ಸಾರಿ ಬರುತ್ತಿದ್ದರು. ಹೆಂಗಸರು ಇವರಿಗೆ ಮೊದಮೊದಲು ಶಾಪ ಹಾಕಿದರು. ಆಮೇಲೆ ಇವರ ದನಿ ಕೇಳಿದ ಮೇಲೆಯೇ ಕೊಡ ಒಳಗಿಡುವುದು ರೂಢಿಯಾಯಿತು. ಭಾತಂಬ್ರಾದ ಲಗ್ನದ ಕತೆಯನ್ನಂತೂ ಮೊದಲೇ ಹೇಳಿದ್ದೇನೆ.

ಮೂರನೆಯ ಸ್ಕ್ರಿಪ್ಟನ್ನು ಅವರು ಮುಂಗಾರಿನ ಹೊತ್ತಿಗೆ, ಅಂದರೆ ಮುಂಗಾರು ಬಾರದ ಹೊತ್ತಿಗೆ, ಬರೆದು ಮುಗಿಸಿದರು. ಇದು ಮೊದಲು ಇಡೀ ಮನೆಯನ್ನು ಒಮ್ಮೆ ಹುಡುಕಿ ನೋಡುತ್ತಿತ್ತು. ಇಲ್ಲದ್ದನ್ನೆಲ್ಲ ಒಂದೇ ಸಲಕ್ಕೆ ಹೇಳುತ್ತಿತ್ತು, ಭಾಲ್ಕಿಗೆ ಮೂರು ಸಲ ಅಲೆಸುತ್ತಿರಲಿಲ್ಲ. ಗಂಟೆಯಂಥದ್ದು ಇಲ್ಲದಿದ್ದರೆ ಇಲ್ಲವೆಂದು ತಿಳಿಸಿ ಮುಂದೆ ನಡೆಯುತ್ತಿತ್ತು. ಬೇಕೇ ಬೇಕಾದ್ದು ಇಲ್ಲದಿದ್ದರೆ, ಅದು ಯಾರ ಹತ್ತಿರ ಸಿಗುತ್ತದೆ, ಅಲ್ಲಿಯ ತನಕ ಏನು ಮಾಡಬೇಕು ಎಂದು ಹೇಳಿ, ಆಗುವಷ್ಟನ್ನು ಮಾಡಿ ನಿಲ್ಲುತ್ತಿತ್ತು. ಎಲ್ಲವೂ ನಮ್ಮ ಮಾತಿನಲ್ಲಿ, ರೀ ಹಚ್ಚಿ. ಇಷ್ಟು ಮರ್ಯಾದೆಯಿಂದ ಬೈಸಿಕೊಳ್ಳುವ ಭಾಗ್ಯ ಬೇರೆ ಊರಿನ ಕಂಪ್ಯೂಟರ್ ಜನಕ್ಕೆ ಇದೆಯೋ ಇಲ್ಲವೋ ನನಗೆ ತಿಳಿಯದು.

ಅದರಲ್ಲಿ ಒಂದು ಸಾಲು ಮಾತ್ರ ನನಗೆ ಸೇರಲಿಲ್ಲ. ಸ್ಕ್ರಿಪ್ಟಿನ ಎಲ್ಲಕ್ಕಿಂತ ಮೇಲೆ, ಬರೆದವರು ತಮ್ಮ ಹೆಸರು ಹಾಕಿಕೊಳ್ಳುವ ಜಾಗದಲ್ಲಿ, ಕಂಪ್ಯೂಟರು ಓದದೆ ಬಿಟ್ಟುಬಿಡುವ ಒಂದು ಸಾಲಿತ್ತು: "ನಾ ಇಲ್ಲೇ ಹೊರಗ ಕುಂತೇನಿ. ಜಾಗ ಆದ್ರ ಕರೀರಿ." ಕಾಕಾನ ತಮಾಷೆ ಎಂದುಕೊಂಡೆ. ನಾನು ಸ್ಕ್ರಿಪ್ಟು ಓಡಿಸುವಾಗ ಅವರು ನಿಜಕ್ಕೂ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಒಳಗೆ ನಿಲ್ಲಲು ಅವರಿಗೆ ಧೈರ್ಯವಾಗುತ್ತಿರಲಿಲ್ಲ. ಮುಪ್ಪಿನಲ್ಲಿ ಹುಡುಗಾಟ ಎಂದು ಬೈದುಕೊಂಡು ಆ ಸಾಲನ್ನು ಅಳಿಸಿದೆ. ಮರುವಾರ ನೋಡಿದರೆ ಮತ್ತೆ ಇದೆ. ಮತ್ತೆ ಅಳಿಸಿದೆ, ಮತ್ತೆ ಬಂತು. ಇದರಿಂದ ಏನು ಉಪಯೋಗ ಎಂದು ಕೇಳಿದರೆ, ಇರಲಿಬಿಡು ಎಂದರು. ಬೇಕೇ ಬೇಕೋ, ಇದ್ದರೆ ಛಲೋನೋ ಎಂದು ಅವರದೇ ಮಾತಿನಿಂದ ಕುಟುಕಿದೆ.  ಮೂರನೆಯ ಸಲವೂ ಅಳಿಸಿದೆ.

ಆ ವರ್ಷವೂ ಮಳೆ ಬರಲಿಲ್ಲ. ದಸರಾ ಆಯಿತು. ಔರಾದಿನಿಂದ ಫೋನು ಬಂತು: ಕಂಪ್ಯೂಟರ್ ಕೆಟ್ಟಿತ್ತು, ರಿಪೇರಿಯವನು ಒಳಗಿದ್ದದ್ದನ್ನೆಲ್ಲ ಒರೆಸಿ ಕೊಟ್ಟಿದ್ದಾನೆ, ನಾಳೆ ಮಧ್ಯಾಹ್ನ ಲಾರಿ ಹೊರಡುತ್ತದೆ, ಹದಿನಾಲ್ಕು ಮಕ್ಕಳ ಚೀಟಿ ಆಗಬೇಕು. ಕಾಕಾಗೆ ಜ್ವರ ಬಂದಿತ್ತು. ಮುಂಜಾನೆಯ ಮೊದಲ ಬಸ್ಸಿಗೆ ನಾನೊಬ್ಬಳೇ ಹೊರಟೆ. ಆಫೀಸಿನಲ್ಲಿ ರಜೆ ಕೊಡಲಿಲ್ಲ, ಹೇಳದೆ ಹೊರಟೆ. ಜನವಾಡದ ತನಕ ನಿಂತು, ಅಲ್ಲಿಂದ ಯಾರದೋ ಕೋಳಿಬುಟ್ಟಿಯ ಪಕ್ಕ ಕೂತು, ಔರಾದಿನಲ್ಲಿ ಇಳಿಯುವಾಗ ನನಗೆ ಜಗತ್ತಿನಲ್ಲಿ ಯಾವುದೂ ಬೇಕಾಗಿರಲಿಲ್ಲ, ಒಂದು ಹಾಸಿಗೆ ಬಿಟ್ಟರೆ.

ಪೆನ್‌ಡ್ರೈವ್ ಚುಚ್ಚಿ ಸ್ಕ್ರಿಪ್ಟು ಓಡಿಸಿದೆ. ಹುಡುಕಿತು. ಪರದೆಯ ಮೇಲೆ ಬಂತು:

"ಗಂಟಿ ಇಲ್ಲರಿ. ನಡೀತದ. ಮರಾಠಿ ಅಕ್ಷರ ಇಲ್ಲರಿ, ಬೀದರದಾಗ ಮಾಸ್ತರ ಹತ್ರ ಅವ. ಕನ್ನಡದ ಭಾಗ ಮಾಡಿಕೊಡ್ತೇನಿ. ಮರಾಠಿ ಭಾಗಕ್ಕ ಬರೇ ಗೆರಿ ಹೊಡೀತೇನಿ, ಕೈಲೆ ಬರೀರಿ. ಮಾದರಿ ಗ್ವಾಡಿ ಮ್ಯಾಲ ಅದ. ಬರೀದೇ ಯಾರ ಕೈಯಾಗೂ ಕೊಡಬ್ಯಾಡ್ರಿ."

ಮರಾಠಿ ಅಕ್ಷರ ಇಲ್ಲ? ಪೆನ್‌ಡ್ರೈವಿನಲ್ಲೇ ಇಟ್ಟಿದ್ದರಲ್ಲ ಕಾಕಾ! ಮರುಕ್ಷಣವೇ ನೆನಪಾಯಿತು. ಭಾತಂಬ್ರಾದ ಲಗ್ನದ ವಿಡಿಯೋ ಹಾಕಿಕೊಳ್ಳಲು ಜಾಗ ಸಾಲದೆ, ಇದೇನೋ ಬೇಡದ್ದು ಎಂದು ನಾನೇ ಅದನ್ನು ತೆಗೆದುಹಾಕಿದ್ದೆ. ವರನ ಅತ್ತೆ ಜೀಪಿನಿಂದ ಇಳಿಯುವುದು ಇದೆ, ಮರಾಠಿ ಇಲ್ಲ. ಹಳೆಯ ಸ್ಕ್ರಿಪ್ಟಾಗಿದ್ದರೆ ಉಂಡು ಹೋಗ್ರಿ ಎನ್ನುತ್ತಿತ್ತು. ನಾನು ನಿದ್ದೆಗಣ್ಣಿನಲ್ಲಿ ಹದಿನಾಲ್ಕು ಚೌಕದ ಚೀಟಿ ತೆಗೆದು, ಕೊಟ್ಟು, ಉಂಡು ಹೋಗುತ್ತಿದ್ದೆ. ನನಗೆ ನನ್ನ ಮೇಲೆ ನಾಚಿಕೆಯಾಯಿತು.

ಗೋಡೆ ನೋಡಿದೆ. ಕಮಲನಗರದ ಒಬ್ಬ ಮಾಸ್ತರರ ಕೈಯಲ್ಲಿ ದುಂಡಗೆ ಮರಾಠಿಯಲ್ಲಿ ಬರೆಸಿದ ಹಾಳೆಯನ್ನು ಕಾಕಾ ಬೇಸಿಗೆಯಲ್ಲೇ ಅಂಟಿಸಿ ಹೋಗಿದ್ದರು. ಎಲ್ಲಿ ಹೆಸರು, ಎಲ್ಲಿ ಇಯತ್ತೆ ಎಂದು ಕನ್ನಡದಲ್ಲಿ ಗುರುತು ಹಾಕಿದ್ದರು. ಕೂತು ನಕಲು ಮಾಡಿದೆ. ನನ್ನ ಮರಾಠಿ ಬರಹ ಕೋಳಿ ಕೆದರಿದಂತಿತ್ತು. ಕ್ಲಾರ್ಕ್ ಸಾಹೇಬರು ಈ ಸಲ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡಿ ಶಿಕ್ಕಾ ಹೊಡೆದರು. ಹೊರಗೆ ಲಾರಿಯವನು ಹಾರ್ನ್ ಬಾರಿಸುತ್ತಿದ್ದ.

ಮಕ್ಕಳ ಸಾಲಿನಲ್ಲಿ ಕೊನೆಯವಳು ಆ ಹುಡುಗಿ. ಒಂದು ಗೇಣು ಎತ್ತರವಾಗಿದ್ದಳು. ಮತ್ತೆ ಐದನೆಯ ಇಯತ್ತೆಯೇ. ಚೀಟಿ ಕೊಟ್ಟರೆ ಬೇರೆ ಮಕ್ಕಳ ಹಾಗೆ ಓಡಲಿಲ್ಲ. ಹಿಂದೆ ಮುಂದೆ ತಿರುವಿ, ಕೆಳಗಿನ ಅರ್ಧವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಖಾಲಿ ಖಾನಿ ಒಂದೂ ಉಳದಿಲ್ಲಲ್ರಿ ಅಕ್ಕೋರ?"

"ಇಲ್ಲವಾ" ಎಂದೆ. ಆರೇಳು ತಿಂಗಳಿಂದ ಕಾಕಾನ ಬಾಯಲ್ಲಿ ಆ ಮಾತು ಕೇಳಿ ಕೇಳಿ ಸಾಕಾಗಿತ್ತು. ಆ ದಿನ ಹೇಳಿ ಹಗುರಾದೆ. ಅವಳು ಬರ್ತೇನ್ರಿ ಎಂದು ಹೇಳಿ ಲಾರಿ ಹತ್ತಿದಳು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ರವಿವಾರ ಮಧ್ಯಾಹ್ನ, ನಾನು ಕೊಡಗಳ ಪಾಳಿ ಹಚ್ಚಿ ಬಂದು ಆಗತಾನೆ ತಲೆ ಊರಿದ್ದೆ. ಕಾಕಾ ಬಂದು ಬಾಗಿಲಲ್ಲಿ ನಿಂತರು. ಇನ್ನು ಯಾವುದು ಇಲ್ಲವೋ, ಯಾವ ಊರಿಗೆ ಹೋಗಬೇಕೋ ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದೆ.

"ಕರ್ದಾರಂತ" ಎಂದರು.

ಯಾರು, ಯಾರನ್ನು ಎಂದು ನನಗೆ ತಿಳಿಯಲಿಲ್ಲ. ಎದ್ದು ಕೂತೆ. ಔರಾದಿನ ಕ್ಲಾರ್ಕ್ ಸಾಹೇಬರು ಮಹಾರಾಷ್ಟ್ರದ ಆ ಹೆಡ್‌ಮಾಸ್ತರರಿಗೆ ಫೋನು ಮಾಡಿ ವಿಚಾರಿಸಿದ್ದರಂತೆ. ಕಾಗದ ಓದಿದ ಕೂಡಲೇ ಆ ಹುಡುಗಿಯನ್ನು ಒಳಗೆ ಕರೆದು ಎರಡನೆಯ ಸಾಲಿನಲ್ಲಿ ಕೂಡಿಸಿದ್ದಾರಂತೆ. ಇದಿಷ್ಟನ್ನು ಹೇಳಲು ಕಾಕಾಗೆ ಬಹಳ ಹೊತ್ತು ಹಿಡಿಯಿತು. ಇಡೀ ಓಣಿಗೆ ಇಲ್ಲ ಇಲ್ಲ ಎಂದು ಸಾರುವ ದನಿ ಅದು. ಆ ದಿನ ಮೇಲೇಳಲೇ ಇಲ್ಲ. ಕಿಸೆಯಿಂದ ಒಂದು ಮಡಿಕೆಯ ಕಾಗದ ತೆಗೆದು ನನ್ನ ಕೈಯಲ್ಲಿಟ್ಟು, ಇನ್ನು ಇದು ನನ್ನ ಹತ್ತಿರ ಬೇಡ ಎಂದು ಹೇಳಿ ಹೋದರು.

ಹಿಂದಿನ ವರ್ಷದ ಚೀಟಿ. ಮಡಿಕೆಗಳಲ್ಲಿ ಸವೆದು ಹರಿಯಲು ಬಂದಿತ್ತು. ಕೆಳಗಿನ ಅರ್ಧದ ಖಾಲಿ ಚೌಕಗಳಲ್ಲಿ ಪೆನ್ಸಿಲಿನಿಂದ, ಒಂದು ಖಾನೆಗೆ ಒಂದೇ ಅಕ್ಷರದಂತೆ, ಗೆರೆ ದಾಟದ ಹಾಗೆ ಬರೆದಿದ್ದಳು. ಹೆಸರಿರಲಿಲ್ಲ. ಇಯತ್ತೆ ಇರಲಿಲ್ಲ.

ನಾ ಇಲ್ಲೇ ಹೊರಗ ಕುಂತೇನಿ. ಜಾಗ ಆದ್ರ ಕರೀರಿ.

ನಾನು ಅತ್ತೆ. ಮೂರು ಸಲ ಅಳಿಸಿದ್ದೆನಲ್ಲ ಅದನ್ನು! ಅವತ್ತು ಸಂಜೆಯೇ ಕಾಕಾನ ಮನೆಗೆ ಹೋಗಿ, ಕಂಪ್ಯೂಟರ್ ಹಚ್ಚಿ, ಸ್ಕ್ರಿಪ್ಟಿನ ಎಲ್ಲಕ್ಕಿಂತ ಮೇಲೆ ಆ ಸಾ‌ಲನ್ನು ನನ್ನ ಕೈಯಾರೆ ಮತ್ತೆ ಬರೆದೆ.